ನೀರೊಳಗಿನ ದೀಪಕ್ಕೆ ತಾಮ್ರದ ತಂತಿಯ ಕಾವಲು

ಕೃಷ್ಣೆ ಮತ್ತು ಮಲಪ್ರಭೆ ಒಂದಾಗುವ ಕೂಡಲಸಂಗಮದಲ್ಲಿ ಮನುಷ್ಯನಿಗೂ ನೀರಿಗೂ ಇರುವ ನಂಟು ಬಹಳ ಹಳೆಯದು. ಬಸವಣ್ಣನವರ ಐಕ್ಯಮಂಟಪವನ್ನು ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನುಂಗದಂತೆ ಸುತ್ತಲೂ ಬಾವಿಯಾಕಾರದ ಗೋಡೆ ಎಬ್ಬಿಸಿ ಉಳಿಸಿಕೊಳ್ಳಲಾಗಿದೆ. ಹೊಳೆಯಲ್ಲಿ ಮಿಂದ ಭಕ್ತರು ಒದ್ದೆ ಮೈಯಲ್ಲಿ, ಬರಿಗಾಲಲ್ಲಿ ನಡೆದಾಡುವ ಊರಿದು. ಇಲ್ಲಿಗೆ ಬಂದವರು ಸಮೀಪದ ಆಲಮಟ್ಟಿಗೂ ಹೋಗಿ, ಉದ್ಯಾನದ ಸಂಗೀತ ಕಾರಂಜಿಯ ಬಣ್ಣದ ಬೆಳಕನ್ನು ಕಂಡು ಬೆರಗಾಗುತ್ತಾರೆ. ನೀರಿನಲ್ಲಿ ದೀಪ ಉರಿಸುವುದು ಅಪಾಯವಲ್ಲವೆ ಎಂಬ ಪ್ರಶ್ನೆ ಸಹಜ.

ಕರ್ನಾಟಕಕ್ಕೆ ಈ ಬೆರಗು ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಕನ್ನಂಬಾಡಿಯಲ್ಲಿ ರೂಪುಗೊಂಡ ಬೃಂದಾವನ, ಬಣ್ಣದ ದೀಪದ ಕಾರಂಜಿಗಳಿಗೆ ನಾಡಿನಲ್ಲೆಲ್ಲ ಹೆಸರಾಯಿತು. ಆದರೆ ಕಾರಂಜಿಯನ್ನು ದಡದಲ್ಲಿ ನಿಂತು ನೋಡುತ್ತೇವೆ. ಈಜುಕೊಳಕ್ಕೆ ನಾವೇ ಇಳಿಯುತ್ತೇವೆ. ವ್ಯತ್ಯಾಸವಿರುವುದು ಇಲ್ಲಿಯೇ.

ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗುವುದಿಲ್ಲ. ಅದರ ಎರಡೂ ಕಾಲುಗಳು ಒಂದೇ ವೋಲ್ಟೇಜಿನಲ್ಲಿರುತ್ತವೆ. ಮೈಯ ಎರಡು ಭಾಗಗಳ ನಡುವೆ ವೋಲ್ಟೇಜಿನ ಅಂತರ ಉಂಟಾದಾಗ ಮಾತ್ರ ವಿದ್ಯುತ್ತು ಮೈಯಲ್ಲಿ ಹರಿಯುತ್ತದೆ. ಕೆಟ್ಟ ದೀಪದಿಂದ ನೀರಿಗೆ ವಿದ್ಯುತ್ತು ಸೋರಿದಾಗ, ಈಜುವವನ ಕೈ ಕಬ್ಬಿಣದ ಏಣಿಯನ್ನು ಹಿಡಿದರೆ ಈ ಅಂತರ ಅವನ ಮೈಯಲ್ಲೇ ಏರ್ಪಡುತ್ತದೆ. ಸಿಹಿನೀರಿಗಿಂತ ಮನುಷ್ಯನ ದೇಹವೇ ವಿದ್ಯುತ್ತಿಗೆ ಸುಲಭದ ದಾರಿ. ಸ್ನಾಯುಗಳು ಬಿಗಿದು ಈಜಲಾಗದೆ ಮುಳುಗುತ್ತಾನೆ. ಮೈಮೇಲೆ ಸುಟ್ಟ ಗುರುತೂ ಇಲ್ಲದಿರಬಹುದು. ನೋಡಿದವರು ಈಜು ಬಾರದೆ ಸತ್ತನೆಂದು ತಿಳಿಯಬಹುದು.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಬಾಂಡಿಂಗ್. ದೀಪದ ಲೋಹದ ಗೂಡು, ಏಣಿ, ಕಟಕಟೆ, ಪಂಪಿನ ಮೋಟಾರು, ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಎಲ್ಲವನ್ನೂ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಬೆಸೆಯುವುದು. ಆಗ ಎಲ್ಲವೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿರುತ್ತವೆ; ಈಜುವವನು ತಂತಿಯ ಮೇಲಿನ ಕಾಗೆಯಂತಾಗುತ್ತಾನೆ. ಅರ್ಥಿಂಗ್ ಬೇರೆ, ಬಾಂಡಿಂಗ್ ಬೇರೆ. ಒಂದು ಸೋರಿದ ವಿದ್ಯುತ್ತಿಗೆ ದಾರಿ ತೋರಿದರೆ, ಇನ್ನೊಂದು ಅಂತರವನ್ನೇ ಅಳಿಸುತ್ತದೆ. ಎರಡೂ ಬೇಕು.

ಫ್ಯೂಸ್ ಇದೆಯಲ್ಲ ಎನ್ನಬಹುದು. ಅಮೆರಿಕದ ಪ್ರೊಫೆಸರ್ ಚಾರ್ಲ್ಸ್ ಡಾಲ್‌ಜೀಲ್ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಸರಾಸರಿ 16 ಮಿಲಿ ಆಂಪಿಯರ್ ದಾಟಿದರೆ ಗಂಡಸು ಹಿಡಿದದ್ದನ್ನು ಬಿಡಲಾರ ಎಂದು ತೋರಿಸಿದರು; ಹೆಂಗಸರಿಗೆ ಈ ಮಿತಿ ಇನ್ನೂ ಕಡಿಮೆ. 5 ಆಂಪಿಯರ್ ಫ್ಯೂಸ್ ತಡೆಯಿಲ್ಲದೆ ಬಿಡುವ ವಿದ್ಯುತ್ತು ಇದರ ಮುನ್ನೂರು ಪಟ್ಟು. ಫ್ಯೂಸ್ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಹೀಗಾಗಿ ಸೋರಿಕೆಯನ್ನು ಕ್ಷಣಾರ್ಧದಲ್ಲಿ ಗುರುತಿಸಿ ಸಂಪರ್ಕ ಕಡಿಯುವ ಉಪಕರಣವನ್ನು ಅವರು 1960ರ ದಶಕದಲ್ಲಿ ರೂಪಿಸಿದರು. ನಮ್ಮಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿಯುವ ಆರ್‌ಸಿಸಿಬಿ ಈ ಕೆಲಸ ಮಾಡುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆಯಲ್ಲಿ ಈಜುಕೊಳಕ್ಕೆ ಪ್ರತ್ಯೇಕ ಅಧ್ಯಾಯ ಬಂದದ್ದು 1962ರಲ್ಲಿ. ಇಂದಿನ ಅಂತರರಾಷ್ಟ್ರೀಯ ಮಾನದಂಡವಂತೂ, ಜನ ಇಳಿಯುವ ನೀರಿನೊಳಗಿನ ಎಸಿ ದೀಪಕ್ಕೆ 12 ವೋಲ್ಟ್ ಸಾಕೆನ್ನುತ್ತದೆ.

ತೊಂದರೆಯಿರುವುದು ಹಳೆಯ ಕೊಳಗಳಲ್ಲಿ. ರಬ್ಬರಿನ ಬಿರಡೆ ಒಣಗಿ ಬಿರುಕು ಬಿಡುತ್ತದೆ. ಜೋಡಣೆಗೆ ಕಿಲುಬು ಹಿಡಿಯುತ್ತದೆ. ಆದರೂ ದೀಪ ಎಂದಿನಂತೆ ಉರಿಯುತ್ತದೆ. ಉರಿಯುವ ದೀಪವನ್ನು ಯಾರೂ ಅನುಮಾನಿಸುವುದಿಲ್ಲ. ಆದ್ದರಿಂದ ಪರವಾನಗಿ ಪಡೆದ ಎಲೆಕ್ಟ್ರೀಷಿಯನ್ನರಿಂದ ವರ್ಷಕ್ಕೊಮ್ಮೆ ಬಾಂಡಿಂಗ್ ಪರೀಕ್ಷೆ ಮಾಡಿಸುವುದು, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡುವುದು ಒಳ್ಳೆಯದು. ನೀರಿನಲ್ಲಿ ಜುಮ್ಮೆನಿಸಿದರೆ ಲೋಹ ಮುಟ್ಟದೆ, ದೀಪದಿಂದ ದೂರ ಸರಿದು ಹೊರಬರಬೇಕು. ಯಾರಾದರೂ ಸಿಕ್ಕಿಕೊಂಡಿದ್ದರೆ ಮೊದಲು ಆರಿಸಬೇಕಾದದ್ದು ಮೇನ್ ಸ್ವಿಚ್. ಉಳಿಸಲು ಧುಮುಕಿದವರೂ ಅದೇ ನೀರಿಗೆ ಬಲಿಯಾಗಬಹುದು.