ವಸಡಿನ ವಿಷ ಮತ್ತು ಅದರ ವಂಶಾವಳಿ

ಚಾಮರಾಜನಗರ, ಗುಂಡ್ಲುಪೇಟೆಗಳ ಇತಿಹಾಸವನ್ನು ಬರೆಯಹೊರಟವರು ಮೊದಲು ಹೆಸರುಗಳ ತೊಡಕನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯವರ ಜನ್ಮಸ್ಥಳವಾದ ಅರಿಕುಠಾರಕ್ಕೆ ಚಾಮರಾಜನಗರವೆಂಬ ಹೆಸರನ್ನಿತ್ತರು. ಗುಂಡ್ಲುಪೇಟೆಗೆ ವಿಜಯಪುರವೆಂಬ ಹಳೆಯ ಹೆಸರುಂಟು. ಇದನ್ನರಿಯದವನಿಗೆ ಹಳೆಯ ದಾಖಲೆಗಳಲ್ಲಿ ಊರೇ ಕಾಣದು. ನಾವು ಇಲ್ಲಿ ವಿವೇಚಿಸಲಿರುವ ಸೂಕ್ಷ್ಮಾಣುವಿನ ಪಾಡೂ ಇದೇ. 1912ರಲ್ಲಿ ಕ್ಲಿಂಗರ್ ಎಂಬ ವಿದ್ವಾಂಸನು ಅದನ್ನು ಮೊದಲು ವರ್ಣಿಸಿದಾಗ ಬ್ಯಾಕ್ಟೀರಿಯಂ ಕುಲದಲ್ಲಿಟ್ಟನು. ಅನಂತರ ಅದು ಆಕ್ಟಿನೊಬ್ಯಾಸಿಲಸ್, ಹೀಮೊಫಿಲಸ್ ಎಂಬ ಕುಲಗಳನ್ನು ಹಾಯ್ದು, 2006ರಲ್ಲಿ ಅಗ್ರಿಗ್ಯಾಟಿಬ್ಯಾಕ್ಟರ್ ಕುಲದಲ್ಲಿ ನೆಲೆನಿಂತಿತು. ಆಕ್ಟಿನೊಮೈಸಿಟೆಮ್‌ಕಾಮಿಟಾನ್ಸ್ ಎಂಬ ನಾಲಗೆ ಹೊರಳದ ಎರಡನೆಯ ಪದ ಮಾತ್ರ ಬದಲಾಗಲಿಲ್ಲ. ಆಕ್ಟಿನೊಮೈಸೀಟ್ ಎಂಬ ಮತ್ತೊಂದು ಸೂಕ್ಷ್ಮಾಣುವಿನ ಸಂಗಡಿಗ ಎಂಬಷ್ಟೇ ಅದರ ಅರ್ಥ.

ಈ ಸಂಗಡಿಗನನ್ನು ಬಹುಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಸಡಿನ ರೋಗವೆಂದರೆ ಮುಪ್ಪಿನದು, ಹಲ್ಲುಜ್ಜದವರದು ಎಂಬ ನಂಬಿಕೆ ಬಲವಾಗಿದ್ದಿತು. ಆದರೆ ಹಲ್ಲು ಶುಭ್ರವಾಗಿಯೇ ಇರುವ ಕೆಲವು ತರುಣರಲ್ಲಿ ಹದಿಹರೆಯದಲ್ಲಿಯೇ ಮುಂಬಲ್ಲುಗಳೂ ಮೊದಲ ದವಡೆಹಲ್ಲುಗಳೂ ಅಲುಗಾಡಿ, ಅವುಗಳನ್ನು ಹಿಡಿದಿರುವ ಎಲುಬು ಕರಗಿಹೋಗುವುದುಂಟು. ಒಂದೇ ಮನೆಯಲ್ಲಿ ಅಣ್ಣನಿಗೂ ತಂಗಿಗೂ ಹೀಗಾದರೆ, ‘ಅವರ ಮನೆತನದ ಹಲ್ಲೇ ಹಾಗೆ’ ಎಂದು ಹಿರಿಯರು ಸುಮ್ಮನಾಗುತ್ತಾರೆ. ಮನೆತನದ್ದೆಂದು ತೀರ್ಮಾನಿಸಿದ ಮೇಲೆ ವೈದ್ಯರಲ್ಲಿಗೆ ಹೋಗುವ ಮಾತೆಲ್ಲಿ ಬಂತು? ಇಲ್ಲಿ ವಂಶವೊಂದು ಇರುವುದು ನಿಜ. ಆದರೆ ಅದು ಯಾರ ವಂಶವೆಂಬುದೇ ಪ್ರಶ್ನೆ.

1970ರ ದಶಕದಲ್ಲಿ ಇಂಥ ತರುಣರ ವಸಡಿನ ಸಂದುಗಳಲ್ಲಿ ಈ ಸೂಕ್ಷ್ಮಾಣು ಮತ್ತೆ ಮತ್ತೆ ಕಾಣಿಸಿಕೊಂಡಿತು. ಅದು ಮನುಷ್ಯನ ಬಿಳಿ ರಕ್ತಕಣಗಳನ್ನು ಕೊಲ್ಲುವ ವಿಷವನ್ನು ತಯಾರಿಸುತ್ತದೆಂಬುದು 1979ರ ಹೊತ್ತಿಗೆ ಪ್ರಕಟವಾಯಿತು. ಕಾವಲುಗಾರರೇ ಸತ್ತರೆ ಕೋಟೆ ಉಳಿಯುವುದೆಂತು? ಈ ವಿಷಕ್ಕೆ ಲ್ಯೂಕೊಟಾಕ್ಸಿನ್ ಎಂದು ಹೆಸರು. 1989ರಲ್ಲಿ ಅದರ ಜೀನನ್ನು ಬೇರ್ಪಡಿಸಿ ಓದಲಾಯಿತು. ಅಲ್ಲಿ ನಾಲ್ಕು ಜೀನುಗಳು ಸಾಲಾಗಿ ಕುಳಿತಿವೆ: ವಿಷವನ್ನು ರೂಪಿಸುವುದು ಒಂದು, ಅದಕ್ಕೆ ಕೊಬ್ಬಿನಾಮ್ಲವನ್ನು ಜೋಡಿಸಿ ಚುರುಕುಗೊಳಿಸುವುದು ಇನ್ನೊಂದು, ಅದನ್ನು ಕೋಶದಿಂದ ಹೊರಸಾಗಿಸುವವು ಉಳಿದೆರಡು.

ಎಲ್ಲ ತಳಿಗಳೂ ಸಮಾನವಾಗಿ ವಿಷವನ್ನು ಸುರಿಸುವುದಿಲ್ಲ. ಅಮೆರಿಕದಲ್ಲಿ 8 ವರ್ಷದ ಮಗುವೊಂದರ ಬಾಯಿಯಿಂದ ತೆಗೆದ ಜೆಪಿ2 ಎಂಬ ತಳಿ ಇತರ ತಳಿಗಳಿಗಿಂತ ಹತ್ತರಿಂದ ಇಪ್ಪತ್ತು ಪಟ್ಟು ಹೆಚ್ಚು ವಿಷವನ್ನು ತಯಾರಿಸುತ್ತಿದ್ದಿತು. ಕಾರಣ 1994ರಲ್ಲಿ ಹೊರಬಿದ್ದಿತು. ವಿಷದ ಜೀನಿನಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಅದರ ಮುಂದೆ, ತಯಾರಿಕೆಯನ್ನು ಹತೋಟಿಯಲ್ಲಿಡುವ ಭಾಗದಲ್ಲಿ, ಸುಮಾರು 530 ಅಕ್ಷರಗಳು ಬಿಟ್ಟುಹೋಗಿದ್ದವು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳು ತುಸು ನಿಲ್ಲಬೇಕು. ತಾಳೆಗರಿಯ ಹತ್ತು ಪ್ರತಿಗಳಲ್ಲಿ ಒಂದೇ ಎಡೆಯಲ್ಲಿ ಒಂದೇ ಸಾಲು ಬಿಟ್ಟುಹೋಗಿದ್ದರೆ, ಆ ಹತ್ತೂ ಒಂದೇ ಮೂಲಪ್ರತಿಯಿಂದ ಇಳಿದವೆಂದು ಗ್ರಂಥಸಂಪಾದಕರು ನಿರ್ಣಯಿಸುತ್ತಾರೆ. ಸರಿಯಾದ ಪಾಠ ಎಲ್ಲಿಂದಲಾದರೂ ಬಂದಿರಬಹುದು; ಸಮಾನವಾದ ತಪ್ಪು ಮಾತ್ರ ನೆಂಟಸ್ತಿಕೆಯನ್ನು ಹೇಳುತ್ತದೆ. ಡೆನ್ಮಾರ್ಕಿನ ಹಾಬೆಕ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಜೆಪಿ2 ತಳಿಗಳನ್ನು ಹೋಲಿಸಿ, 2007ರಲ್ಲಿ ಇದೇ ಬಗೆಯ ತರ್ಕದಿಂದ ಅವೆಲ್ಲವೂ ಒಂದೇ ಪೂರ್ವಜನ ಸಂತತಿಯೆಂದು ಪ್ರತಿಪಾದಿಸಿದರು. ಅವರ ಅಂದಾಜಿನಂತೆ ಆ ಪೂರ್ವಜ ಹುಟ್ಟಿದ್ದು ಸುಮಾರು 2,400 ವರ್ಷಗಳ ಹಿಂದೆ, ಆಫ್ರಿಕದ ಮೆಡಿಟರೇನಿಯನ್ ತೀರದಲ್ಲಿ. ಅಲ್ಲಿಂದ ಪಶ್ಚಿಮ ಆಫ್ರಿಕಕ್ಕೂ, ಮುಂದೆ ಗುಲಾಮರನ್ನು ತುಂಬಿದ ಹಡಗುಗಳಲ್ಲಿ ಅಮೆರಿಕಕ್ಕೂ ಅದು ಹೋಯಿತು. ಸಂಕೋಲೆ ತೊಟ್ಟವರ ಹೆಸರನ್ನು ಬರೆದಿಡದ ಲೋಕದಲ್ಲಿ ಅವರ ಬಾಯಿಯ ಸೂಕ್ಷ್ಮಾಣು ಪ್ರಯಾಣದ ದಾಖಲೆಯಾಗಿ ಉಳಿದಿದೆ.

ಈ ತಳಿಯ ಕ್ರೌರ್ಯವನ್ನು ಮೊರಾಕೊ ದೇಶದ ಶಾಲಾಬಾಲಕರಲ್ಲಿ ಅಳೆಯಲಾಗಿದೆ. 2008ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಆರಂಭದಲ್ಲಿ ವಸಡು ಆರೋಗ್ಯವಾಗಿದ್ದ ಮಕ್ಕಳ ಪೈಕಿ ಸೂಕ್ಷ್ಮಾಣುವೇ ಇಲ್ಲದವರಿಗಿಂತ ಜೆಪಿ2 ಮಾತ್ರ ಇದ್ದವರಿಗೆ ಎರಡು ವರ್ಷಗಳಲ್ಲಿ ರೋಗ ತಗಲುವ ಸಂಭವ 18 ಪಟ್ಟು, ಸಾಮಾನ್ಯ ತಳಿ ಇದ್ದವರಿಗೆ 3 ಪಟ್ಟು.

ಇನ್ನು ಮನೆತನದ ಮಾತು. ಈ ಸೂಕ್ಷ್ಮಾಣು ಒಂದು ಮನೆಯೊಳಗೆ ಎಂಜಲಿನ ಮೂಲಕ ತಂದೆತಾಯಿಗಳಿಂದ ಮಕ್ಕಳಿಗೆ ಸಾಗಬಲ್ಲುದು. ಆದುದರಿಂದ ಹೊಲ ಮನೆಗಳಂತೆ ಅದೂ ಪಿತ್ರಾರ್ಜಿತವಾಗಿ ತೋರುತ್ತದೆ. ದೇಹಪ್ರಕೃತಿಯ ಪಾತ್ರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಂಜಲಿನಿಂದ ಬಂದುದನ್ನು ರಕ್ತದಿಂದ ಬಂದುದೆಂದು ಭ್ರಮಿಸಿ ಕೈಚೆಲ್ಲುವುದು ತರವಲ್ಲ. ವಸಡಿನ ಆಳದ ಶುದ್ಧಿಯಿಂದಲೂ, ಅಗತ್ಯಬಿದ್ದಲ್ಲಿ ಜೀವಿರೋಧಕ ಔಷಧಗಳಿಂದಲೂ ಈ ರೋಗವನ್ನು ತಡೆಹಿಡಿಯಬಹುದು.

ಗುಂಡ್ಲುಪೇಟೆಯಿಂದ ಊಟಿಗೂ ವಯನಾಡಿಗೂ, ಚಾಮರಾಜನಗರದಿಂದ ಸತ್ಯಮಂಗಲಕ್ಕೂ ಘಟ್ಟದ ದಾರಿಗಳಿವೆ. ಅವುಗಳಲ್ಲಿ ವ್ಯಾಪಾರಿಗಳೂ ಸೈನಿಕರೂ ಸಾಗಿದ್ದಾರೆ, ಹೆಣ್ಣು ಕೊಟ್ಟು ತಂದ ಸಂಬಂಧಗಳು ಬೆಳೆದಿವೆ. ಈ ಎರಡು ತಾಲ್ಲೂಕುಗಳಲ್ಲಿ ಮನೆತನಗಳ ವಂಶವೃಕ್ಷವನ್ನು ಸಂಗ್ರಹಿಸುತ್ತಿರುವ ವಿದ್ಯಾರ್ಥಿಗಳು ಹುಟ್ಟು, ಮದುವೆ, ಸಾವುಗಳ ಜೊತೆಗೆ ಯಾರ ಹಲ್ಲು ಯಾವ ವಯಸ್ಸಿನಲ್ಲಿ ಅಲುಗಾಡಿತೆಂಬುದನ್ನೂ, ಸೊಸೆಯಾಗಿ ಬಂದವಳು ಯಾವ ಊರಿನವಳೆಂಬುದನ್ನೂ ಕೇಳಿ ಬರೆದುಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ದಂತವೈದ್ಯರು ಎಂಜಲಿನ ಮಾದರಿಗಳನ್ನು ಹಿಡಿದು ಬರುವ ದಿನ, ಆ ಪಟ್ಟಿಯನ್ನೇ ಅವರು ಮೊದಲು ಕೇಳುವರು.