ಸಾಮಾಜಿಕ ಜಾಲತಾಣ ಪ್ರಚಾರದ ಮೌಲ್ಯಮಾಪನ

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೊದಲಾದ ಜಾಲತಾಣಗಳಲ್ಲಿ ಪ್ರಚಾರಕ್ಕೆ ಹಾಕಿದ ಹಣದಿಂದ ವ್ಯಾಪಾರಕ್ಕೆ ಎಷ್ಟು ಲಾಭವಾಯಿತು ಎಂದು ಲೆಕ್ಕಹಾಕುವ ವಿಧಾನಗಳಿಗೆ ಈ ಹೆಸರು. ಜಾಹೀರಾತು ನೋಡಿದವರು ಎಷ್ಟು ಕೊಂಡರು ಎಂಬುದನ್ನು ಎಣಿಸಬಹುದು. ನೋಡದೇ ಇದ್ದಿದ್ದರೆ ಎಷ್ಟು ಕೊಳ್ಳುತ್ತಿದ್ದರು ಎಂಬುದನ್ನು ಊಹಿಸಬೇಕು. ಇವೆರಡರ ಅಂತರವೇ ಹೆಚ್ಚುವರಿ ಮಾರಾಟ. ಪ್ರಚಾರದ ನಿಜವಾದ ಬೆಲೆ ಅಷ್ಟೇ.

ಅಳತೆಗಳು

ಬಳಕೆಯಲ್ಲಿರುವ ಅಳತೆಗಳನ್ನು ಮೂರು ಹಂತಗಳಲ್ಲಿ ನೋಡಬಹುದು: ಎಷ್ಟು ಜನರ ಕಣ್ಣಿಗೆ ಬಿತ್ತು (ರೀಚ್), ಅವರು ಹೇಗೆ ಸ್ಪಂದಿಸಿದರು (ಲೈಕ್, ಶೇರ್, ಕಾಮೆಂಟ್, ಕ್ಲಿಕ್), ಕೊನೆಗೆ ಏನು ಕೊಂಡರು. ಮೊದಲೆರಡು ಸಂಖ್ಯೆಗಳು ಜಾಲತಾಣದಿಂದಲೇ ತಕ್ಷಣ ಸಿಗುತ್ತವೆ, ಆದ್ದರಿಂದ ವರದಿಗಳಲ್ಲಿ ಅವುಗಳದೇ ಮೇಲುಗೈ.

ಜಾಹೀರಾತಿಗೆ ಹಾಕಿದ ಪ್ರತಿ ರೂಪಾಯಿಗೆ ಎಷ್ಟು ಮಾರಾಟವಾಯಿತು ಎಂಬ ಅನುಪಾತವನ್ನು ಲಾಭವೆಂದು ಓದುವುದು ಸಾಮಾನ್ಯ ತಪ್ಪು. 1 ಲಕ್ಷ ರೂಪಾಯಿ ವೆಚ್ಚಕ್ಕೆ 4 ಲಕ್ಷದ ಮಾರಾಟವಾದರೆ ಅನುಪಾತ 4. ಸರಕಿನ ಮೇಲಿನ ಲಾಭ ಶೇ. 20 ಆಗಿದ್ದರೆ ಕೈಗೆ ಬರುವುದು 80,000 ಮಾತ್ರ. ವೆಚ್ಚ ಕಳೆದರೆ 20,000 ನಷ್ಟ.

ಹಿನ್ನೆಲೆ

ಅಳೆಯುವ ಹಂಬಲ ಜಾಲತಾಣಗಳಿಗಿಂತ ಹಳೆಯದು. ಅಮೆರಿಕದ ಅಂಚೆ ವ್ಯಾಪಾರಿಗಳು ಪತ್ರಿಕೆಯ ಜಾಹೀರಾತಿನಲ್ಲಿ ಗುರುತಿನ ಕೂಪನ್ ಇಟ್ಟು, ಯಾವ ಪತ್ರಿಕೆಯಿಂದ ಎಷ್ಟು ಕೂಪನ್ ಮರಳಿದವು ಎಂದು ಎಣಿಸುತ್ತಿದ್ದರು. ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಪ್ರಕಟಿಸಿದ ಪುಸ್ತಕ ಈ ಪದ್ಧತಿಯನ್ನೇ ಶಾಸ್ತ್ರವಾಗಿ ಮಂಡಿಸಿತು. 1994ರಲ್ಲಿ ಹಾಟ್‌ವೈರ್ಡ್ ತಾಣದಲ್ಲಿ ಬ್ಯಾನರ್ ಜಾಹೀರಾತು ಬಂದ ಮೇಲೆ ಕೂಪನ್‌ನ ಜಾಗಕ್ಕೆ ಕ್ಲಿಕ್ ಬಂತು.

ರಿಯಾಯಿತಿಗಳನ್ನು ಪ್ರಕಟಿಸುತ್ತಿದ್ದ ತನ್ನ ಟ್ವಿಟರ್ ಖಾತೆಯಿಂದ 20 ಲಕ್ಷ ಡಾಲರ್‌ಗೂ ಮಿಕ್ಕ ಮಾರಾಟವಾಗಿದೆ ಎಂದು ಡೆಲ್ ಕಂಪನಿ 2009ರಲ್ಲಿ ತಿಳಿಸಿದ್ದು ಆರಂಭದ ಪ್ರಸಿದ್ಧ ಉದಾಹರಣೆ. ಆದರೆ ರಿಯಾಯಿತಿ ಹುಡುಕುವವರು ಬೇರೆ ದಾರಿಯಿಂದಲೂ ಅಲ್ಲಿಗೆ ಬಂದಿರಬಹುದಾದ್ದರಿಂದ ಆ ಮೊತ್ತವೆಲ್ಲ ಹೆಚ್ಚುವರಿ ಎನ್ನಲಾಗದು. ಸಾರ್ವಜನಿಕ ಸಂಪರ್ಕ ಕ್ಷೇತ್ರದ 2010ರ ಬಾರ್ಸಿಲೋನಾ ಸೂತ್ರಗಳು, ಸಿಕ್ಕ ಪ್ರಚಾರವನ್ನು ಅಷ್ಟೇ ಜಾಗದ ಜಾಹೀರಾತು ದರದಿಂದ ಗುಣಿಸುವ ರೂಢಿಯನ್ನು ತಿರಸ್ಕರಿಸಿ, ಸಾಮಾಜಿಕ ಮಾಧ್ಯಮವನ್ನೂ ಅಳೆಯಬಹುದು, ಅಳೆಯಬೇಕು ಎಂದವು.

ಹೋಲಿಕೆ ಪ್ರಯೋಗಗಳು

ಜಾಲತಾಣದ ಗಣಕಕ್ರಮ ಕೊಳ್ಳುವ ಲಕ್ಷಣವುಳ್ಳವರನ್ನೇ ಹುಡುಕಿ ಜಾಹೀರಾತು ತೋರಿಸುತ್ತದೆ. ಹಾಗಾಗಿ ನೋಡಿದವರನ್ನೂ ನೋಡದವರನ್ನೂ ನೇರ ಹೋಲಿಸಿದರೆ, ಮೊದಲೇ ಮನಸ್ಸು ಮಾಡಿದ್ದವರ ಖರೀದಿಯೂ ಜಾಹೀರಾತಿನ ಖಾತೆಗೆ ಜಮೆಯಾಗುತ್ತದೆ. ಇದಕ್ಕೆ ಪರಿಹಾರ, ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಜಾಹೀರಾತು ತೋರಿಸುವುದು.

ಗಾರ್ಡನ್ ಮತ್ತು ಸಂಗಡಿಗರು 2019ರಲ್ಲಿ ಫೇಸ್‌ಬುಕ್‌ನ 15 ಪ್ರಯೋಗಗಳನ್ನು ಪರಿಶೀಲಿಸಿ, ಪ್ರಯೋಗವಿಲ್ಲದ ಅಂದಾಜುಗಳು ನಿಜವಾದ ಪರಿಣಾಮದಿಂದ ಬಹಳ ದೂರ ಹೋಗಬಲ್ಲವು, ಅನೇಕ ಸಲ ಅತಿಯಾಗುತ್ತವೆ ಎಂದು ತೋರಿಸಿದರು. ಕ್ಲಿಕ್ ಲೆಕ್ಕ ಇನ್ನೊಂದು ದಿಕ್ಕಿನಲ್ಲೂ ತಪ್ಪಬಲ್ಲದು. ಯಾಹೂ ಜಾಹೀರಾತುಗಳ ಮೇಲೆ ಲೂಯಿಸ್ ಮತ್ತು ರೈಲಿ ನಡೆಸಿದ ಪ್ರಯೋಗದಲ್ಲಿ ಹೆಚ್ಚಿದ ಮಾರಾಟದ ಶೇ. 93 ಭಾಗ ಅಂಗಡಿಗಳಲ್ಲಿ ನಡೆದಿತ್ತು, ಶೇ. 78 ಭಾಗ ಒಮ್ಮೆಯೂ ಕ್ಲಿಕ್ ಮಾಡದವರಿಂದ ಬಂದಿತ್ತು.

ಪ್ರಯೋಗಕ್ಕೂ ಮಿತಿಯಿದೆ. ಒಬ್ಬ ಗ್ರಾಹಕನ ಸರಾಸರಿ ಖರೀದಿ 700 ರೂಪಾಯಿ, ಅದರ ಏರಿಳಿತ (ಮಾನಕ ವಿಚಲನೆ) 7,000 ಎಂದಿಟ್ಟುಕೊಳ್ಳೋಣ; ಬಹುಪಾಲು ಜನ ಏನೂ ಕೊಳ್ಳದೆ, ಕೆಲವರು ಭಾರಿ ಕೊಳ್ಳುವುದರಿಂದ ಚಿಲ್ಲರೆ ವ್ಯಾಪಾರದಲ್ಲಿ ಇಂಥ ಏರಿಳಿತ ಅಪರೂಪವಲ್ಲ. ತಲೆಗೆ 15 ರೂಪಾಯಿ ಜಾಹೀರಾತು ವೆಚ್ಚ, ಮಾರಾಟದ ಮೇಲೆ ಶೇ. 50 ಲಾಭ ಎಂದಾದರೆ, ಹಾಕಿದ ಹಣ ಮರಳಲು ತಲೆಗೆ 30 ರೂಪಾಯಿ ಹೆಚ್ಚು ಮಾರಾಟವಾಗಬೇಕು. ಆ 30 ರೂಪಾಯಿ ಬರೀ ಆಕಸ್ಮಿಕವಲ್ಲ ಎನ್ನಲು ಎರಡೂ ಗುಂಪುಗಳಲ್ಲಿ ತಲಾ ಸುಮಾರು 4.35 ಲಕ್ಷ ಜನ ಬೇಕು. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಪ್ರಚಾರವನ್ನು ಹಾಕಿದ ಹಣದ ಮೇಲೆ ಶೇ. 25 ಲಾಭ ತಂದ ಪ್ರಚಾರದಿಂದ ಬೇರ್ಪಡಿಸಲು ಹುಡುಕಬೇಕಾದ ಅಂತರ ಏಳೂವರೆ ರೂಪಾಯಿ. ಅದಕ್ಕೆ 16 ಪಟ್ಟು, ಅಂದರೆ ಗುಂಪಿಗೆ ಸುಮಾರು 70 ಲಕ್ಷ ಜನ. ಲೂಯಿಸ್ ಮತ್ತು ರಾವ್ 2015ರಲ್ಲಿ 25 ಪ್ರಯೋಗಗಳನ್ನು ಪರಿಶೀಲಿಸಿ ಕಂಡುಕೊಂಡದ್ದೂ ಇದೇ ತೊಡಕು: ದೊಡ್ಡ ಪ್ರಯೋಗಗಳಲ್ಲೂ ಪ್ರತಿಫಲದ ಅಂದಾಜು ತೀರ ಸಡಿಲವಾಗಿಯೇ ಉಳಿಯುತ್ತದೆ.

ಅಂಕಿಗಳ ವಿಶ್ವಾಸಾರ್ಹತೆ

ಅಳೆಯುವವರೂ ಜಾಹೀರಾತಿನ ಜಾಗ ಮಾರುವವರೂ ಒಬ್ಬರೇ ಆಗಿರುವುದು ಸಂದೇಹಕ್ಕೆ ಎಡೆಮಾಡುತ್ತದೆ. ಮೂರು ಸೆಕೆಂಡಿಗಿಂತ ಕಡಿಮೆಯ ವೀಕ್ಷಣೆಗಳನ್ನು ಬಿಟ್ಟು ವಿಡಿಯೊ ನೋಡುವ ಸರಾಸರಿ ಅವಧಿಯನ್ನು ಹಿಗ್ಗಿಸಿ ತೋರಿಸಿದ್ದನ್ನು ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. ಬಳಕೆದಾರರ ಅನುಮತಿಯಿಲ್ಲದೆ ಆ್ಯಪ್‌ಗಳು ಅವರನ್ನು ಹಿಂಬಾಲಿಸದಂತೆ ಆ್ಯಪಲ್ 2021ರಲ್ಲಿ ತಡೆ ಹಾಕಿದ ಮೇಲೆ ಖರೀದಿಯ ಜಾಡು ಇನ್ನಷ್ಟು ಮಸುಕಾಯಿತು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯ ತಪ್ಪಬಹುದು ಎಂದು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಅಂದಾಜಿಸಿತ್ತು.

ಭಾರತದಲ್ಲಿ

ಇನ್‌ಸ್ಟಾಗ್ರಾಂನಲ್ಲಿ ಇಳಕಲ್ ಸೀರೆ ನೋಡಿದವರು ವಾಟ್ಸ್‌ಆ್ಯಪ್‌ನಲ್ಲಿ ಬೆಲೆ ವಿಚಾರಿಸಿ, ಚಿತ್ರವನ್ನು ಅಕ್ಕನಿಗೋ ಅತ್ತಿಗೆಗೋ ಕಳಿಸಿ, ಕೊನೆಗೆ ಫೋನಿನಲ್ಲಿ ಆರ್ಡರ್ ಕೊಟ್ಟರೆ ಕ್ಲಿಕ್ಕಿನ ಎಳೆ ನಡುವೆಯೇ ಕಡಿದುಹೋಗುತ್ತದೆ. ‘ಎಲ್ಲಿ ನೋಡಿದಿರಿ?’ ಎಂದು ಕೇಳಿ ಬರೆದಿಟ್ಟುಕೊಳ್ಳುವುದು, ಜಾಹೀರಾತಿಗೊಂದು ರಿಯಾಯಿತಿ ಸಂಕೇತ ಕೊಡುವುದು ಸಣ್ಣ ವ್ಯಾಪಾರಿಯ ಉಪಾಯಗಳು. ಎರಡೂ ಹಳೆಯ ಕೂಪನ್‌ನ ವಂಶದವು. ಕೆಲವು ಜಿಲ್ಲೆಗಳಲ್ಲಿ ಜಾಹೀರಾತು ನಿಲ್ಲಿಸಿ, ಉಳಿದವುಗಳೊಡನೆ ಮಾರಾಟ ಹೋಲಿಸುವುದು ಇದಕ್ಕಿಂತ ಗಟ್ಟಿ. ಆದರೆ ಗಿರಾಕಿಗಳು ನೂರರ ಲೆಕ್ಕದಲ್ಲಿದ್ದರೆ ಹೀಗೆ ಕಾಣುವುದು ದೊಡ್ಡ ಪರಿಣಾಮ ಮಾತ್ರ. ಏನೂ ಕಾಣದಿದ್ದರೆ ಪ್ರಚಾರ ವ್ಯರ್ಥವೆಂದಲ್ಲ. ಅದರ ಪರಿಣಾಮ ಅಳತೆಗೆ ಸಿಗುವಷ್ಟು ದೊಡ್ಡದಲ್ಲ ಎಂದಷ್ಟೇ ಅರ್ಥ.