ವಲ್ನರಬಿಲಿಟಿ: ‘ದುರ್ಬಲ’ ಅಂದ್ರೆ ಸಾಕಾ?

ಲ್ಯಾಟಿನ್‌ನಲ್ಲಿ ‘ವುಲ್ನಸ್’ ಅಂದ್ರೆ ಗಾಯ. ವಲ್ನರಬಿಲಿಟಿ ಅಲ್ಲಿಂದ ಬಂದದ್ದು: ಪೆಟ್ಟು ಬಿದ್ದರೆ ಗಾಯವಾಗುವ ಸ್ಥಿತಿ. ನಮ್ಮ ಸರ್ಕಾರಿ ಕನ್ನಡ ಇದನ್ನು ‘ದುರ್ಬಲತೆ’ ಅಂತ ಮುಗಿಸಿಬಿಡುತ್ತೆ. ಆಗ ತಪ್ಪು ಗಾಯಗೊಂಡವರದ್ದೇ ಅನ್ನಿಸುತ್ತೆ. ಐಪಿಸಿಸಿಯ 2014ರ ವರದಿ ಹಾನಿಗೆ ಬೇಗ ತುತ್ತಾಗುವುದರ ಜೊತೆಗೆ ಅದನ್ನು ನಿಭಾಯಿಸುವ, ಹೊಂದಿಕೊಳ್ಳುವ ಸಾಮರ್ಥ್ಯದ ಕೊರತೆಯನ್ನೂ ಇದರಲ್ಲಿ ಸೇರಿಸುತ್ತೆ. ನನಗೆ ‘ಈಡಾಗುವಿಕೆ’ ಇಷ್ಟ. ಯಾವುದಕ್ಕೆ ಈಡು ಅಂತ ಕೇಳಲೇಬೇಕಾಗುತ್ತೆ.

ಮುಳಬಾಗಿಲು ತಾಲ್ಲೂಕಿನ ಆವನಿಯನ್ನೇ ನೋಡಿ. ಬಂಡೆ ಸೀಳಿ ಬೋರ್ ಕೊರೆಸುವ ರೈತ ದುರ್ಬಲನಾ? ಆದ್ರೆ ಕೋಲಾರ ಜಿಲ್ಲೆಗೆ ವರ್ಷಪೂರ್ತಿ ಹರಿಯೋ ನದಿಯಿಲ್ಲ, ಅಂತರ್ಜಲದ ಅತಿಬಳಕೆಯಾಗಿದೆ. ಮಳೆ ಕೈಕೊಟ್ಟರೆ ಬೋರ್ ಬತ್ತುತ್ತೆ, ಅದರ ಸಾಲ ಉಳಿಯುತ್ತೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರ್ತಿದೆ. ಮೂರನೇ ಹಂತದ ಸಂಸ್ಕರಣೆ ಬೇಕು ಅನ್ನೋ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ಬರಕ್ಕೆ ಈಡಾಗೋದು ತಗ್ಗಬಹುದು. ಕಲುಷಿತ ನೀರಿಗೆ?